ಎಡಗೈಗೆ ಬಂದ ರೊಟ್ಟಿ

ಮಗಳು ನೆರಿಗೆ ಹಿಡಿದು ಸಿಕ್ಕಿಸುವಷ್ಟು ಹೊತ್ತೂ ಶಿವಗಂಗಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ನಿಂತಿದ್ದಳು. ಐವತ್ತು ದಾಟಿದವಳು ಹೆತ್ತ ಮಗಳ ಕೈಯಲ್ಲಿ ಸೀರೆ ಉಡಿಸಿಕೊಳ್ಳುವುದೆಂದರೆ ಏನೆಂಬುದು ಕೈ ಮುರಿದುಕೊಂಡವರಿಗೇ ಗೊತ್ತು. ಬಲಗೈಗೆ ಮೊಣಕೈ ಮೇಲಿನಿಂದ ಬೆರಳಿನ ಬುಡದವರೆಗೂ ಪ್ಲಾಸ್ಟರು ಬಿಗಿದಿತ್ತು. ಕೊರಳಿಗೆ ಕಟ್ಟಿದ ಹಳೇ ಪಂಚೆಯ ತುಂಡಿನಲ್ಲಿ ಅದು ಯಾರದೋ ಸಾಮಾನಿನಂತೆ ತೂಗುತ್ತಿತ್ತು. ಹೊರಗಿದ್ದ ಬೆರಳುಗಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ. ನೋವು ಅಷ್ಟೇನೂ ಇರಲಿಲ್ಲ, ಇದ್ದದ್ದು ನಾಚಿಕೆ. ತಲೆ ಬಾಚಲೂ ಮಗಳು, ಮೈಗೆ ನೀರು ಹೊಯ್ಯಲೂ ಮಗಳು, ಕೊನೆಗೆ ತುತ್ತಿಗೂ ಮಗಳು. ಮಾಲಾ ಚನ್ನಗಿರಿಯ ಗಂಡನ ಮನೆಯನ್ನೂ ಅಲ್ಲಿನ ಮಂಡಿಯಲ್ಲಿ ಅಡಿಕೆ ಆರಿಸುವ ಕೂಲಿಯನ್ನೂ ಬಿಟ್ಟು ನ್ಯಾಮತಿಗೆ ಬಂದು ಕೂತಿದ್ದಳು. ಬಂದ ದಿನವೇ, ಎಡಗೈಯಲ್ಲಿ ಉಂಡರಾಯಿತು, ಇಲ್ಲಿ ನೋಡುವವರು ಯಾರಿದ್ದಾರೆ ಎಂದು ಚಮಚ ತಂದುಕೊಟ್ಟಿದ್ದಳು. ಶಿವಗಂಗಮ್ಮ ಚಮಚವನ್ನು ಆಚೆ ದೂಡಿ ಹಸಿದುಕೊಂಡೇ ಮಲಗಿದ್ದಳು. ಎಡಗೈ ಇರುವುದು ಯಾತಕ್ಕೆಂದು ಅಂಬೆಗಾಲಿಡುವ ಮಗುವಿಗೂ ಕಲಿಸಿರುತ್ತಾರೆ. ಆ ಕೈಯಲ್ಲಿ ಅನ್ನ ಮುಟ್ಟುವುದುಂಟೆ, ಆ ಕೈ ಚಾಚಿ ಒಬ್ಬರಿಂದ ಏನಾದರೂ ಇಸಕೊಳ್ಳುವುದುಂಟೆ? ಮರುದಿನ ಮಗಳು ಬೈಯುತ್ತಲೇ ತುತ್ತು ಮಾಡಿ ಬಾಯಿಗಿಟ್ಟಳು. ಇವಳು ಕಣ್ಣು ಮುಚ್ಚಿಕೊಂಡು ನುಂಗಿದಳು.

ಇವತ್ತು ತಿಂಗಳ ಮೊದಲ ಭಾನುವಾರ, ಹೊನ್ನಾಳಿಯ ಸಭೆಯಲ್ಲಿ ರೊಟ್ಟಿ ಮುರಿಯುವ ದಿನ. ಪ್ರಾಣ ಕೊಟ್ಟ ಕ್ರಿಸ್ತನ ನೆನಪಿಗೆ ವಿಶ್ವಾಸಿಗಳೆಲ್ಲ ಸುತ್ತ ಕೂತು ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವ ಆ ದಿನ, ಬೆಳಕು ಹರಿಯುವ ಮುಂಚೆಯೇ ಶಿವಗಂಗಮ್ಮನ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಮಿಂದು, ಒದ್ದೆ ಕೂದಲನ್ನು ಗಂಟು ಹಾಕಿ, ಗೋಧಿಹಿಟ್ಟಿಗೆ ಉಪ್ಪು ಸೋಡಾ ಏನೂ ಸೋಕಿಸದೆ ಬರೀ ಬಿಸಿನೀರಲ್ಲಿ ನಾದಿ, ಹೆಂಚಿನಷ್ಟಗಲದ ಒಂದೇ ಒಂದು ದಪ್ಪ ರೊಟ್ಟಿ ಮಾಡುವಳು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದರೆ ಹೊನ್ನಾಳಿ ಬರುವವರೆಗೂ ಅದರ ಬಿಸಿ ತಾಗುತ್ತಿತ್ತು. ಆ ಬಿಸಿ ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಶಾಲೆಯ ಬಿಸಿಯೂಟದ ಅಡಿಗೆಮನೆಗೆ ಸೇರಿದ ಹೊಸತರಲ್ಲಿ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಪಾತ್ರೆ ತಿಕ್ಕು, ನೆಲ ಗುಡಿಸು, ನೀರು ತಂದು ಬಾಗಿಲಲ್ಲಿಡು. ಅವಳು ಯಾವ ಕೇರಿಯವಳೆಂದು ಊರಿಗೆಲ್ಲ ಗೊತ್ತಿತ್ತು. ಮುಖ್ಯ ಅಡಿಗೆಯವಳಾದ ಚೌಡಮ್ಮ ಸೌಟನ್ನಾಗಲಿ ತಟ್ಟೆಯನ್ನಾಗಲಿ ಇವಳ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದಳು. ಜಗಳವಿಲ್ಲ, ಬೈಗುಳವಿಲ್ಲ, ನಗುನಗುತ್ತಲೇ, ಮಕ್ಕಳು ಚೆನ್ನಾಗಿದ್ದಾರಾ ಎಂದು ವಿಚಾರಿಸುತ್ತಲೇ. ಹಾಗೆ ದೂರವಿಟ್ಟಿದ್ದ ಇವಳನ್ನು ಸಭೆಯ ಪಾಸ್ಟರಮ್ಮ ಸಂಧ್ಯಾರಾಣಿ ಒಂದು ದಿನ ಕರೆದು, ಮುಂದಿನ ತಿಂಗಳಿಂದ ರೊಟ್ಟಿ ನೀವೇ ಮಾಡಿಕೊಂಡು ಬನ್ನಿ ಎಂದಾಗ ಶಿವಗಂಗಮ್ಮ ಹಿತ್ತಿಲ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು, ಸದ್ದು ಕೇಳದ ಹಾಗೆ ಅತ್ತಿದ್ದಳು. ಅದು ಆಗ. ವರ್ಷ ಕಳೆದಂತೆ ಆ ಅಳು ಎಲ್ಲಿಗೋ ಹೋಗಿ ಅದರ ಜಾಗದಲ್ಲಿ ಒಂದು ಬಿಂಕ ಬಂದು ಕೂತಿತು. ತಾನಿಲ್ಲದಿದ್ದರೆ ಹೊನ್ನಾಳಿ ಸಭೆಗೆ ರೊಟ್ಟಿಯಿಲ್ಲ. ದೇವರು ತನ್ನನ್ನು ಇಟ್ಟುಕೊಂಡಿರುವುದೇ ಈ ರೊಟ್ಟಿಯ ಸಲುವಾಗಿ ಎಂದು, ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ, ಅವಳು ನಂಬಿದ್ದಳು. ಈಗ ಶಾಲೆಯ ಅಡಿಗೆಮನೆಯಲ್ಲಿ ನೆಲಕ್ಕೆ ಚೆಲ್ಲಿದ್ದ ಗಂಜಿಯ ಮೇಲೆ ಕಾಲು ಜಾರಿ, ಕೈ ಮುರಿದು, ಅಷ್ಟೂ ಹೋಗಿತ್ತು. ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು, ಮಕ್ಕಳು ಉಣ್ಣುತ್ತಿದ್ದರು. ರೊಟ್ಟಿಯನ್ನು ಈ ಸಲ ನಾವೇ ಮಾಡಿಕೊಳ್ಳುತ್ತೇವೆ, ನೀವು ಚಿಂತೆ ಮಾಡಬೇಡಿ ಎಂದು ಪಾಸ್ಟರಮ್ಮ ಫೋನಿನಲ್ಲಿ ಹೇಳಿದ್ದಳು. ಚಿಂತೆ ಶುರುವಾದದ್ದೇ ಆ ಫೋನಿನ ಮೇಲೆ. ರೊಟ್ಟಿಯಿಲ್ಲದೆ ಬರಿಗೈಯಲ್ಲಿ, ಅದೂ ಒಂದು ಕೈಯಲ್ಲಿ, ಹೋಗಿ ಕೂತರೆ ತಾನು ಅಲ್ಲಿ ಯಾರು?

ಹೋಗದೇ ಇರಬಹುದಿತ್ತು. ಮಾಲಾ ಅದನ್ನೇ ಹೇಳಿದಳು. ಅವಳಿಗೆ ಈ ದೇವರ ಗೊಡವೆಯಿಲ್ಲ. ಶಿವನನ್ನೂ ಗಂಗೆಯನ್ನೂ ಹೆಸರಲ್ಲಿಟ್ಟುಕೊಂಡು ಯೇಸುವಿನ ಹತ್ತಿರ ಹೋಗುವವಳು ನೀನೊಬ್ಬಳೇ ಇರಬೇಕು ಎಂದು ತಾಯಿಯನ್ನು ಆಗಾಗ ಕಾಡಿಸುವಳು, ಆದರೆ ತಾಯಿ ಹೊರಟರೆ ಬಸ್ ಸ್ಟ್ಯಾಂಡಿನವರೆಗೆ ಬಂದು ಬಿಡುವವಳೂ ಅವಳೇ.

"ಇವತ್ತೊಂದಿನ ಮನೇಲಿ ಕೂತು ಪ್ರಾರ್ಥನೆ ಮಾಡ್ಕೊಂಡ್ರೆ ನಿಮ್ಮ ಕರ್ತ ಬ್ಯಾಡ ಅಂತಾನೇನವ್ವ?" ಎಂದಳು ಸೆರಗಿಗೆ ಪಿನ್ನು ಹಾಕುತ್ತ.

ಶಿವಗಂಗಮ್ಮ ಪರ್ಸನ್ನು ಎಡಗೈಯಲ್ಲೇ ಕೊರಳಿಗೆ ಹಾಕಿಕೊಂಡಳು. ಹೋಗಲೇಬೇಕೆನ್ನುವ ಕಾರಣ ಮಗಳಿಗೆ ಹೇಳುವಂಥದ್ದಾಗಿರಲಿಲ್ಲ. ಪಾಸ್ಟರಮ್ಮನ ರೊಟ್ಟಿ ಹೇಗಾಗಿದೆ ಎಂದು ನೋಡಬೇಕಿತ್ತು. ಆ ಹೆಂಗಸು ಒಳ್ಳೆಯವಳು, ಹಾಡು ಚೆನ್ನಾಗಿ ಹಾಡುತ್ತಾಳೆ, ಆದರೆ ಹಿಟ್ಟಿನ ಹದ ಅವಳಿಗೆ ಯಾವತ್ತೂ ಹತ್ತಿದ್ದಿಲ್ಲ. ರೊಟ್ಟಿ ಕೆಟ್ಟಿರಲಿ ಎಂದು ಒಳಗೆ ಯಾವುದೋ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು, ಇನ್ನೊಂದು ಮೂಲೆ ಅದಕ್ಕೆ ಕ್ಷಮೆ ಕೇಳುತ್ತಿತ್ತು. ಎರಡೂ ಪ್ರಾರ್ಥನೆ ಒಂದೇ ದೇವರಿಗೆ ಹೋಗುತ್ತಿರುವುದು ನೆನಪಾಗಿ ಅವಳಿಗೆ ನಗು ಬರುವುದರಲ್ಲಿತ್ತು. ಹಿಂದೆ ಬಾಗಿಲ ಹತ್ತಿರ ಕೂರುವುದು, ರೊಟ್ಟಿ ತನ್ನ ಹತ್ತಿರ ಬರುವ ಮುಂಚೆ ಎದ್ದು ಹೊರಗೆ ಹೋಗುವುದು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು. ಎಡಗೈ ಚಾಚಿ ಕರ್ತನ ರೊಟ್ಟಿ ಇಸಕೊಳ್ಳುವ ಪಾಪಕ್ಕಂತೂ ತಾನು ಹೋಗುವವಳಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಕಂಡಕ್ಟರು ಆಧಾರ್ ಕೇಳಿದಾಗ ಕೊರಳಿನ ಪರ್ಸಿನಿಂದ ಅದನ್ನು ತೆಗೆಯಲು ಹೋಗಿ ಪರ್ಸು ಉಲ್ಟಾ ಆಗಿ, ಪಕ್ಕದಲ್ಲಿದ್ದ ಹುಡುಗಿ ಎತ್ತಿಕೊಟ್ಟು, ಅಷ್ಟರಲ್ಲಿ ಹಿಂದಿನವರೆಲ್ಲ ಇಣುಕಿ ನೋಡಿಯೂ ಆಯಿತು. ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೆಟನ್ನು ಹರಿದು ಚಾಚಿದ. ಇವಳ ಎಡಗೈ ಮೇಲೇಳಲಿಲ್ಲ. ಅವನು ಒಂದು ಗಳಿಗೆ ನೋಡಿ, ಚೀಟಿಯನ್ನು ಮಡಚಿ ಅವಳ ಪ್ಲಾಸ್ಟರಿನ ಸಂದಿಗೆ ಸಿಕ್ಕಿಸಿ, ಹುಷಾರಮ್ಮ ಎಂದು ಮುಂದಕ್ಕೆ ಹೋದ. ಈ ಪುಕ್ಕಟೆ ಬಸ್ಸು ಬಂದಾಗಿನಿಂದಲೂ ಅವಳಿಗೆ ಟಿಕೆಟ್ ಇಸಕೊಳ್ಳುವಾಗ ಮೈ ಹಿಡಿಯಾಗುತ್ತಿತ್ತು, ಯಾರದೋ ಮನೆಯ ಮದುವೆಗೆ ಕರೆಯದೆ ಹೋಗಿ ಉಂಡಂತೆ. ಸಭೆಯ ಪ್ರದೀಪ್ ಪಾಸ್ಟರ್ ಒಂದು ಭಾನುವಾರ ದೇವರ ಕೃಪೆ ಎಂದರೆ ಏನೆಂದು ಹೇಳುತ್ತ ಈ ಬಸ್ಸಿನ ಮಾತೇ ತೆಗೆದಿದ್ದರು. ನೀವು ಕೊಡಬೇಕಾದ್ದು ಏನೂ ಇಲ್ಲ, ಹತ್ತಿ ಕೂತರೆ ಸಾಕು ಎಂದಿದ್ದರು, ಹೆಂಗಸರೆಲ್ಲ ನಕ್ಕಿದ್ದರು. ಸಭೆ ಮುಗಿದ ಮೇಲೆ ಶಿವಗಂಗಮ್ಮ ಹೋಗಿ, ಡೀಸೆಲ್ ಇಲ್ಲದೆ ಯಾವ ಬಸ್ಸೂ ಓಡುವುದಿಲ್ಲ, ನಾವು ದುಡ್ಡು ಕಟ್ಟದಿದ್ದರೆ ಬೇರೆ ಯಾರೋ ಕಟ್ಟಿರುತ್ತಾರೆ ಎಂದು ವಾದ ಹಾಕಿದ್ದಳು. ಪಾಸ್ಟರ್ ಖುಷಿಯಾಗಿ, ನಾನು ಹೇಳಿದ್ದೂ ಅದನ್ನೇ ಕಣಮ್ಮ ಎಂದಿದ್ದರು. ಅವಳಿಗೆ ಆ ಮಾತು ತಲೆಗೆ ಹೋಗಿರಲಿಲ್ಲ. ಅವತ್ತು ಊಟದ ಪಾತ್ರೆಗಳನ್ನೆಲ್ಲ ಒಬ್ಬಳೇ ತೊಳೆದು, ದಬ್ಬಾಕಿ, ಸ್ವಲ್ಪ ಹಗುರಾಗಿ ಮನೆಗೆ ಬಂದಿದ್ದಳು. ಈಗ ಪ್ಲಾಸ್ಟರಿನಲ್ಲಿ ಸಿಕ್ಕಿಕೊಂಡ ಚೀಟಿ ಗಾಳಿಗೆ ಪಟಪಟ ಎನ್ನುತ್ತಿತ್ತು. ತೆಗೆಯಲು ಹೋಗಿ ಬಿಟ್ಟಳು.

ಪ್ರಾರ್ಥನಾ ಮಂದಿರವೆಂದರೆ ಪಾಸ್ಟರ ಮನೆಯ ಹಿಂದೆ ತಗಡು ಹೊದಿಸಿದ ಉದ್ದನೆಯ ಕೋಣೆ. ಓಣಿಗೆ ತಿರುಗುತ್ತಲೇ ಗೋಧಿ ಸುಟ್ಟ ವಾಸನೆ ಮೂಗಿಗೆ ಬಂತು. ಸುಟ್ಟಿದೆ, ಎಂದುಕೊಂಡಳು, ತಳ ಹಿಡಿಯುವವರೆಗೆ ಬಿಟ್ಟಿದ್ದಾರೆ. ಹೀಗೆ ಎಂದುಕೊಂಡು ಎದೆಯಲ್ಲಿ ಒಂಥರಾ ಸಮಾಧಾನವಾದದ್ದಕ್ಕೆ ಅವಳಿಗೇ ಅಸಹ್ಯವೆನಿಸಿತು. ಅಭ್ಯಾಸದಂತೆ ಕಾಲು ಅಡಿಗೆಮನೆಯ ಕಡೆಗೇ ಹೋಯಿತು. ಅಲ್ಲಿ ಸಂಧ್ಯಾರಾಣಿ ಹಣೆಗೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದಳು. ಇನ್ನಿಬ್ಬರು ಹೆಂಗಸರು ತರಕಾರಿ ಹೆಚ್ಚುತ್ತಿದ್ದರು. ಎಲ್ಲರೂ ಎದ್ದು ಬಂದು ಕೈ ನೋಡಿದರು, ಅಯ್ಯೋ ಎಂದರು, ಎಷ್ಟು ದಿನ ಎಂದು ಕೇಳಿದರು. ಶಿವಗಂಗಮ್ಮ ಎಡಗೈಯಲ್ಲೇ ಒಂದು ಪಾತ್ರೆಯನ್ನಾದರೂ ಎತ್ತಿಡೋಣವೆಂದು ಬಗ್ಗಿದಳು. ಪಾಸ್ಟರಮ್ಮ ಅವಳ ಭುಜ ಹಿಡಿದು, ಇವತ್ತು ನೀವು ಏನೂ ಮಾಡುವ ಹಾಗಿಲ್ಲ, ಹೋಗಿ ಕೂತುಕೊಳ್ಳಿ ಎಂದಳು. ಪ್ರೀತಿಯಿಂದಲೇ ಹೇಳಿದ ಮಾತು. ಶಿವಗಂಗಮ್ಮನಿಗೆ ಮಾತ್ರ ಅದು ಹಿಂದೆ ಶಾಲೆಯ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಹಾಗೆ ಕೇಳಿತು. ಒಲೆಯ ಪಕ್ಕದಲ್ಲಿ ಬಿಳಿ ಬಟ್ಟೆಯಡಿ ರೊಟ್ಟಿ ಕೂತಿತ್ತು. ಬಟ್ಟೆಯೂ ಅವಳದಲ್ಲ.

ಒಳಗೆ ಹಾಡು ಶುರುವಾಗಿತ್ತು. ಚಾಪೆಗಳ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಎರಡೂ ಸಾಲು ದುಂಡಗೆ ಬಂದು ಬಾಗಿಲ ಹತ್ತಿರ ಕೂಡಿಕೊಳ್ಳುತ್ತಿದ್ದವು. ಬಾಗಿಲ ಹತ್ತಿರ ಕೂರಬೇಕೆಂದು ಬಂದವಳಿಗೆ ಅಲ್ಲಿ ಇದ್ದದ್ದು ಒಂದೇ ಜಾಗ, ಅದೂ ಸಣ್ಣತಿಮ್ಮಪ್ಪನ ಪಕ್ಕ. ಶಿವಗಂಗಮ್ಮನ ಕಾಲು ಹೊಸ್ತಿಲಲ್ಲೇ ನಿಂತಿತು. ಈ ಮುದುಕ ಜಗಳೂರು ಕಡೆಯ ಸೊಕ್ಕೆಯವನು, ಕುರಿ ಕಾಯ್ದುಕೊಂಡು ಇದ್ದವನು. ಲಕ್ವ ಹೊಡೆದು ಬಲಗಡೆ ಪೂರಾ ಬಿದ್ದುಹೋದ ಮೇಲೆ ಕುರಿಗಳನ್ನೆಲ್ಲ ಮಾರಿ ಹೊನ್ನಾಳಿಯ ಮಗಳ ಮನೆಗೆ ಬಂದಿದ್ದ. ಅವನಿಗೆ ಉಳಿದಿದ್ದದ್ದು ಎಡಗೈ ಮತ್ತು ತೊದಲುವ ನಾಲಿಗೆ. ಈ ಸಭೆಯ ಪದ್ಧತಿಯಲ್ಲಿ ಪಾಸ್ಟರ್ ಎಲ್ಲರಿಗೂ ಹಂಚುವುದಿಲ್ಲ. ರೊಟ್ಟಿ ಕೈಯಿಂದ ಕೈಗೆ ಸುತ್ತು ಬರುತ್ತದೆ, ಒಬ್ಬೊಬ್ಬರೂ ಒಂದು ಚೂರು ಮುರಿದು ಪಕ್ಕದವರ ಕೈಗಿಟ್ಟು, ಇದು ನಿನಗಾಗಿ ಕೊಟ್ಟ ಕರ್ತನ ಶರೀರ ಎಂಬಂಥ ಒಂದು ಮಾತು ಹೇಳಿ ಉಳಿದದ್ದನ್ನು ದಾಟಿಸಬೇಕು. ಅಷ್ಟುದ್ದದ ಮಾತು ಸಣ್ಣತಿಮ್ಮಪ್ಪನ ನಾಲಿಗೆಗೆ ಬಾರದು. ಅವನು ತನಗೆ ಬರುವ ಹಾಗೆ 'ನಿಂಗೂ ಐತೆ' ಎಂದು ಕೊಡುತ್ತಿದ್ದ. ಪಾಸ್ಟರ್ ತಿದ್ದಲು ಹೋಗಿರಲಿಲ್ಲ. ಅವನ ಪಕ್ಕ ಯಾವಾಗಲೂ ಮೊಮ್ಮಗಳು ಕೂತು, ರೊಟ್ಟಿಯ ಇನ್ನೊಂದು ತುದಿ ಹಿಡಿದು ಮುರಿಯಲು ನೆರವಾಗುತ್ತಿದ್ದಳು. ಹೋದ ಮಳೆಗಾಲದಲ್ಲಿ ಒಂದು ಸಲ ಆ ಹುಡುಗಿ ಬಂದಿರಲಿಲ್ಲ, ಬಸ್ಸು ತಡವಾದದ್ದರಿಂದ ಕೊನೆಗೆ ಬಂದ ಶಿವಗಂಗಮ್ಮ ಆ ಜಾಗದಲ್ಲಿ ಕೂತಿದ್ದಳು. ಮುದುಕ ರೊಟ್ಟಿಯನ್ನು ಮಂಡಿಗೆ ಒತ್ತಿ ಹಿಡಿದು, ಬೆವರುತ್ತ, ಒಂದು ಚೂರು ಹರಿದು ಎಡಗೈಯಲ್ಲಿ ಅವಳ ಮುಂದೆ ಚಾಚಿದ್ದ. ತಾನೇ ಮಿಂದು ಮಾಡಿದ ರೊಟ್ಟಿ, ಆ ಕೈಯಲ್ಲಿ. ಒಲೆ ಮೇಲೆ ಸಾರಿಟ್ಟು ಬಂದಿದ್ದೀನಿ ಎಂದು ಎದ್ದುಬಿಟ್ಟಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅಡಿಗೆಮನೆಯ ಬಾಗಿಲಿಂದ ತಿರುಗಿ ನೋಡಿದರೆ ಅವನ ಕೈ ಇನ್ನೂ ಚಾಚಿಕೊಂಡೇ ಇತ್ತು. ಯಾರೋ ಬಂದು ಇಸಕೊಳ್ಳುವವರೆಗೂ ಇಳಿಯಲಿಲ್ಲ, ಚೂರನ್ನು ಕೆಳಗೂ ಇಡಲಿಲ್ಲ. ನೆಲದ ಮೇಲಿಟ್ಟು ಸರಿದು ನಿಲ್ಲುವ ಚೌಡಮ್ಮನ ಮುಖ ಆಗ ಅವಳ ಕಣ್ಣಿಗೆ ಕಟ್ಟಿತ್ತು. ಆ ಮುಖ ಅವತ್ತು ತನ್ನದೇ ಆಗಿತ್ತು. ಅದಾದ ಮೇಲೆ ಎಷ್ಟೋ ಹಿಟ್ಟು ನಾದಿದ್ದಳು, ಎಷ್ಟೋ ಪಾತ್ರೆ ತೊಳೆದಿದ್ದಳು, ಆ ಒಂದು ಚಾಚಿದ ಕೈ ಮಾತ್ರ ತೊಳೆದು ಹೋಗಿರಲಿಲ್ಲ.

ಹೊಸ್ತಿಲಲ್ಲಿ ನಿಂತವಳನ್ನು ಮುದುಕ ನೋಡಿದ. ಸೊಟ್ಟಗಾದ ಬಾಯಲ್ಲೇ ನಕ್ಕು, ಕುಂಡೆ ಸರಿಸಿ, ಚಾಪೆಯ ಮೇಲೆ ಇನ್ನಷ್ಟು ಜಾಗ ಮಾಡಿದ.

"ಬಾ ತಂಗೆವ್ವ. ಮೊಮ್ಮಗಳಿಗೆ ಪರೀಕ್ಷೆ."

ಕೂತಳು. ಇನ್ನೊಂದು ಪಕ್ಕದಲ್ಲಿ ಸರ್ವಮಂಗಳಮ್ಮ ಇದ್ದಳು, ಅಡಿಕೆ ವ್ಯಾಪಾರದ ದೊಡ್ಡ ಮನೆಯ ಹೆಂಗಸು, ಗಂಡ ತೀರಿಕೊಂಡ ಮೇಲೆ ಸಭೆಗೆ ಬಂದವಳು. ಮಡಿ ಎಂಬುದನ್ನು ಬಾಯಲ್ಲಿ ಬಿಟ್ಟಿದ್ದರೂ ಸೆರಗನ್ನು ಒಂದು ಬೆರಳಷ್ಟು ಒಳಕ್ಕೆಳೆದುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಪಾಸ್ಟರ್ ಪ್ರಾರ್ಥಿಸುತ್ತಿದ್ದರು. ಶಿವಗಂಗಮ್ಮನಿಗೆ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಪ್ರಾರ್ಥನೆ ಮುಗಿದು ರೊಟ್ಟಿ ಗಂಡಸರ ಸಾಲಿನ ಆ ತುದಿಯಿಂದ ಹೊರಟಿತು. ಎದ್ದು ಹೋಗಲು ಇದೇ ಹೊತ್ತು. ಬಾಗಿಲು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಎದ್ದರೆ ಈ ಮುದುಕನ ಕೈ ಮತ್ತೊಮ್ಮೆ ಹಾಗೇ ಉಳಿಯುತ್ತದೆ. ಎಡಗಾಲನ್ನು ಮಡಚಿಕೊಂಡವಳು ಏಳಲಿಲ್ಲ. ತಲೆ ತಗ್ಗಿಸಿ, ಪಕ್ಕದವನಿಗಷ್ಟೇ ಕೇಳುವಂತೆ ಹೇಳಿದಳು: "ಅವತ್ತು ನಾನು ಎದ್ದು ಹೋಗ್ಬಿಟ್ಟೆ ಅಣ್ಣ."

ಅವನು ಅವಳ ಕಡೆ ತಲೆ ತಿರುಗಿಸಿದ. ಆಮೇಲೆ, ತೊದಲುತ್ತ, ಒಂದೊಂದೇ ಮಾತು ಹುಡುಕಿಕೊಂಡು ಕೇಳಿದ: "ಒಲೆ ಮ್ಯಾಲೆ ಸಾರು ಐತೆ ಅಂದಿದ್ದೆ. ಇಳಿಸಿದ್ಯಾ?"

ಶಿವಗಂಗಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಅವನಿಗೆ ಅವತ್ತೇ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ತಿಂಗಳು ಅವಳು ಬೇಯಿಸಿದ ರೊಟ್ಟಿಯನ್ನು ತಿಂದಿದ್ದ, ಪ್ರತಿ ತಿಂಗಳು ಅವಳಿಗೆ ನಮಸ್ಕಾರ ಹೇಳಿದ್ದ, ಈಗ ಜಾಗ ಮಾಡಿಕೊಟ್ಟಿದ್ದ. ತಾನು ಏನನ್ನೂ ತಂದಿರದ ದಿನ. "ಈಗ ಇಳಿಸ್ದೆ ಅಣ್ಣ" ಎಂದಳು.

ರೊಟ್ಟಿ ಬಂತು. ಪಕ್ಕದ ಗಂಡಸು ಒಂದು ಚೂರನ್ನು ಸಣ್ಣತಿಮ್ಮಪ್ಪನ ಕೈಗಿಟ್ಟ, ಅವನು ಅದನ್ನು ತಿಂದು, ಉಳಿದ ರೊಟ್ಟಿಯನ್ನು ಇಸಕೊಂಡ. ಮಂಡಿಗೆ ಒತ್ತಿ ಹಿಡಿಯುತ್ತಾನೆಂದು ಅವಳು ಕಾದಳು. ಅವನು ಅದನ್ನು ಅವಳ ಮುಂದೆ ಹಿಡಿದು, ಹಿಡ್ಕೋ ಎಂಬಂತೆ ಗಲ್ಲ ಎತ್ತಿದ. ಹಿಡಿಯಲು ಅವಳಿಗೂ ಇದ್ದದ್ದು ಅದೇ ಕೈ. ಸೆರಗಿನ ಕೆಳಗಿಂದ ಎಡಗೈಯನ್ನು ಅವಳು ಹೊರಗೆ ತಂದಳು. ಒಂದು ತುದಿ ಅವನ ಎಡಗೈಯಲ್ಲಿ, ಇನ್ನೊಂದು ತುದಿ ಅವಳ ಎಡಗೈಯಲ್ಲಿ, ಇಬ್ಬರೂ ಎಳೆದರು. ಮೊದಲು ಬರಲಿಲ್ಲ; ರೊಟ್ಟಿ ನಡುವೆ ಸರಿಯಾಗಿ ಬೆಂದಿರಲಿಲ್ಲ. ಮತ್ತೊಮ್ಮೆ ಎಳೆದಾಗ ಸಣ್ಣ ಚೂರು ಅವನ ಕೈಗೆ ಬಂದು ಉಳಿದದ್ದೆಲ್ಲ ಅವಳ ಕೈಯಲ್ಲಿ ಉಳಿಯಿತು. ಅವನು ಚೂರನ್ನು ಚಾಚಿದ. ಇಸಕೊಳ್ಳಲು ಈಗ ಅವಳಿಗೆ ಕೈಯೇ ಇರಲಿಲ್ಲ. ಹಿಡಿದದ್ದನ್ನು ಕೆಳಗಿಡುವುದಕ್ಕೆ ಅವಳಿಂದಾಗದು, ಯಾವುದನ್ನೂ ನೆಲದ ಮೇಲಿಡುವುದು ಇನ್ನು ಅವಳಿಂದಾಗದು. ಸುತ್ತಲಿನವರು ನೋಡುತ್ತಿದ್ದರೋ ಏನೋ. ಅವಳು ಬಾಯಿ ತೆರೆದಳು. ಕಣ್ಣು ಮುಚ್ಚಲಿಲ್ಲ.

"ನಿಂಗೂ ಐತೆ" ಎಂದು ಸಣ್ಣತಿಮ್ಮಪ್ಪ ಎಡಗೈಯಲ್ಲೇ ಚೂರನ್ನು ಅವಳ ನಾಲಿಗೆಯ ಮೇಲಿಟ್ಟ.

ಒಂದು ಕಡೆ ಹಸಿ, ಒಂದು ಕಡೆ ಸೀದದ್ದು. ಉಪ್ಪು ಬೇರೆ ಹಾಕಿದ್ದಾರೆ. ಅಗಿಯುತ್ತ ಅಗಿಯುತ್ತ ಅವಳಿಗೆ ಥಟ್ಟನೆ ಹೊಳೆಯಿತು: ಇಷ್ಟು ವರ್ಷ ಈ ಸಭೆಯಲ್ಲಿ ಕೂತು ತಾನು ತಿಂದದ್ದೆಲ್ಲ ತನ್ನ ರೊಟ್ಟಿಯನ್ನೇ. ತಾನು ನಾದಿದ್ದು, ತಾನು ಬೇಯಿಸಿದ್ದು, ತಾನು ಹೊತ್ತು ತಂದದ್ದು. ದೇವರ ಮನೆಯಲ್ಲಿ ಕೂತೂ ತನ್ನ ದುಡಿಮೆಯನ್ನೇ ಉಂಡು ಎದ್ದು ಬಂದಿದ್ದಳು, ಅದನ್ನೇ ಕೃಪೆ ಎಂದುಕೊಂಡಿದ್ದಳು. ಬೇರೆ ಯಾರೋ ಕಟ್ಟಿರುತ್ತಾರೆ ಎಂದು ಪಾಸ್ಟರಿಗೆ ತಾನೇ ಹೇಳಿದ್ದ ಮಾತು, ಹೇಳಿದವಳಿಗೇ ಇವತ್ತು ಬಂದು ಮುಟ್ಟಿತು; ಪ್ರಾಣ ಕೊಟ್ಟು ಕಟ್ಟಿದವನು ಕರ್ತ. ಕೈ ಸರಿಯಿದ್ದಾಗಲೂ ಆತನಿಗೆ ತನ್ನ ರೊಟ್ಟಿ ಬೇಕಾಗಿರಲಿಲ್ಲ, ತಾನು ಬೇಕಾಗಿದ್ದಳು. ಆ ದಿನ ನಲ್ಲಿಯ ಹತ್ತಿರ ಅಳುತ್ತ ನಿಂತಿದ್ದವಳಿಗೆ ಇದು ಗೊತ್ತಿತ್ತು, ನಡುವೆ ಮರೆತಿದ್ದಳು. ಕಣ್ಣೀರು ಇಳಿದು ಬಾಯಿಗೆ ಬಂತು, ಒರೆಸಿಕೊಳ್ಳಲು ಕೈಯಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂತೋಷದಲ್ಲಿ ಎದೆ ತುಂಬಿ, ಕರ್ತನೇ ನಿನಗೆ ಸ್ತೋತ್ರ ಎಂದು ಒಳಗೇ ಅಂದುಕೊಂಡಳು. ಈ ಸೀದ ರೊಟ್ಟಿಗೆ ಸ್ತೋತ್ರ, ಈ ಮುದುಕನಿಗೆ ಸ್ತೋತ್ರ, ಕಾಲು ಜಾರಿದ ಆ ಗಂಜಿಗೂ ಸ್ತೋತ್ರ. ಪ್ಲಾಸ್ಟರು ಬಿಚ್ಚಿದ ಮೇಲೂ ತಾನು ಕೂರುವುದು ಇಲ್ಲೇ ಎಂದು ಅವಳಿಗೆ ಖಚಿತವಾಯಿತು. ಆ ಹುಡುಗಿ ಪರೀಕ್ಷೆ ಪಾಸು ಮಾಡಿ ಎಲ್ಲಾದರೂ ಹೋಗುತ್ತಾಳೆ. ಈ ಮನುಷ್ಯನ ರೊಟ್ಟಿಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಉಳಿದ ರೊಟ್ಟಿ ಇನ್ನೂ ಅವಳ ಕೈಯಲ್ಲೇ ಇತ್ತು, ಇಡೀ ಹೆಂಗಸರ ಸಾಲು ಅದಕ್ಕಾಗಿ ಕಾಯುತ್ತಿತ್ತು. ಶಿವಗಂಗಮ್ಮ ಸರ್ವಮಂಗಳಮ್ಮನ ಕಡೆ ತಿರುಗಿ ರೊಟ್ಟಿಯನ್ನು ಮುಂದೆ ಹಿಡಿದಳು. ಸರ್ವಮಂಗಳಮ್ಮನ ಕಣ್ಣು ರೊಟ್ಟಿಯ ಮೇಲೆ ನಿಲ್ಲಲಿಲ್ಲ, ಅದನ್ನು ಹಿಡಿದ ಎಡಗೈಯ ಮೇಲೆ ನಿಂತಿತು. ಸೆರಗಿನ ಮೇಲಿದ್ದ ಅವಳ ಬೆರಳು ಅಲ್ಲೇ ತಡೆಯಿತು. ಆ ತಡೆದ ಗಳಿಗೆ ಶಿವಗಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಎರಡೂ ಕಡೆಯಿಂದ ಗೊತ್ತಿತ್ತು. ಅವಳಿಗೆ ಸಿಟ್ಟು ಬರಲಿಲ್ಲ, ಕೈ ಹಿಂದಕ್ಕೂ ಬರಲಿಲ್ಲ. ಸಣ್ಣತಿಮ್ಮಪ್ಪ ಅವತ್ತು ಚಾಚಿದ ಹಾಗೆಯೇ ಚಾಚಿಕೊಂಡು ಕೂತಳು. ಸರ್ವಮಂಗಳಮ್ಮ ಸೆರಗು ಬಿಟ್ಟಳು. ರೊಟ್ಟಿಯ ಆ ತುದಿಯನ್ನು ಹಿಡಿದಳು. ಇಬ್ಬರೂ ಎಳೆದರು, ಚೂರು ಶಿವಗಂಗಮ್ಮನ ಕೈಗೆ ಬಂತು. ಸಭೆಯ ಉದ್ದನೆಯ ಮಾತು ಅವಳಿಗೆ ಬಾಯಿಪಾಠವೇ ಇತ್ತು. ಆದರೆ ಬಾಯಿಗೆ ಬಂದದ್ದು ಮುದುಕನ ಮಾತೇ.

"ನಿಮಗೂ ಐತೆ" ಎಂದು ಎಡಗೈ ಚಾಚಿದಳು. ಸರ್ವಮಂಗಳಮ್ಮ ತೆಗೆದುಕೊಂಡಳು.